ಕೆಂಪು ಟೋಪಿಯ ಹೊನ್ನ ಹೂವಿಗೆ ಮತ್ತೆ ಕಾಡು ಸಿಕ್ಕೀತೆ?

ಪ್ರಶ್ನೆ: ಮೊನ್ನೆ ಒಂದು ಹೂವಿನ ಚಿತ್ರ ನೋಡಿದೆ. ದಾರದಂಥ ಉದ್ದ ತೊಟ್ಟಿಗೆ ಜೋತುಬಿದ್ದ ಹಳದಿ ಹೂ, ಅದರ ತಲೆಯ ಮೇಲೊಂದು ಕೆಂಪು ಟೋಪಿ. ‘ಗೋಲ್ಡನ್ ಫ್ಯೂಷಿಯಾ, ಮೆಕ್ಸಿಕೋದ ಮೋಡಗಾಡಿನ ಪೊದೆ, ಈಗ ಕಾಡಿನಲ್ಲಿಲ್ಲ’ ಎಂದು ಕೆಳಗೆ ಬರೆದಿತ್ತು. ಇದು ಫ್ಯೂಷಿಯಾ ಜಾತಿಯೇ? ಒಂದೇ ಒಂದು ಕಣಿವೆಯಲ್ಲಿ ಇತ್ತಂತೆ, ಹಾಗೇಕೆ? ತೋಟಗಳಲ್ಲಿ ಇದೆ ಅಂದಮೇಲೆ ನಾಲ್ಕು ಗಿಡ ತಂದು ಅಲ್ಲೇ ನೆಟ್ಟುಬಿಟ್ಟರೆ ಆಗದೆ?

ಉತ್ತರ: ನೀವು ನೋಡಿದ್ದು ಡೆಪ್ಪಿಯಾ ಸ್ಪ್ಲೆಂಡೆನ್ಸ್. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಫ್ಯೂಷಿಯಾಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇದು ಕಾಫಿ ಕುಟುಂಬದ ಗಿಡ. ನಮ್ಮ ಕೇಪಳ ಹೂ ಈ ಕುಟುಂಬದ್ದೇ. ಜಗತ್ತಿನಾದ್ಯಂತ ಸುಮಾರು 13,000 ಪ್ರಭೇದಗಳಿರುವ ದೊಡ್ಡ ಸಂಸಾರ ಇದು. ಗುರುತು ಹಿಡಿಯುವುದೂ ಸುಲಭ. ಎಲೆಯ ಅಂಚು ಹಲ್ಲುಹಲ್ಲಾಗಿರುವುದಿಲ್ಲ, ಒಂದೇ ಗೆಣ್ಣಿನಲ್ಲಿ ಎಲೆಗಳು ಎದುರುಬದುರಾಗಿಯೋ ಸುತ್ತುಗಟ್ಟಿಯೋ ಕೂತಿರುತ್ತವೆ, ಎರಡು ಎಲೆತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿಕೊಂಡ ಪುಟ್ಟ ಹುರುಪೆಯಂಥ ಭಾಗವೊಂದು ಇರುತ್ತದೆ. ಇಷ್ಟು ಕಂಡರೆ ಹೂ ಬಿಡುವವರೆಗೆ ಕಾಯದೆಯೂ ಬಹುಮಟ್ಟಿಗೆ ಕಾಫಿ ಕುಟುಂಬ ಎಂದುಬಿಡಬಹುದು. ಹೂ ಬಂದಾಗ ಇನ್ನೊಂದು ಗುರುತು ಸಿಗುತ್ತದೆ. ಅಂಡಾಶಯ ಹೂವಿನ ಒಳಗಿರುವುದಿಲ್ಲ, ದಳಗಳಿಗಿಂತ ಕೆಳಗೆ, ತೊಟ್ಟಿನ ತುದಿಯ ಗಂಟಿನಂತೆ ಇರುತ್ತದೆ. ಈ ಗಂಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫ್ಯೂಷಿಯಾ ಬೇರೆಯೇ ಕುಟುಂಬದ್ದು. ಹಾಗಿದ್ದೂ ಎರಡೂ ಹೂಗಳು ಕಿವಿಯೋಲೆಯಂತೆ ತೂಗುತ್ತವೆ, ಎರಡರಲ್ಲೂ ಬಣ್ಣಬಣ್ಣದ ಕೊಳವೆಯಿದೆ. ಬೇರೆ ಬೇರೆ ಮನೆತನದ ಗಿಡಗಳು ಒಂದೇ ಬಗೆಯ ಅತಿಥಿಯನ್ನು ಕರೆಯಲು ಒಂದೇ ಬಗೆಯ ಸಿಂಗಾರ ಮಾಡಿಕೊಂಡಿವೆ. ಆ ಅತಿಥಿ ಹಮ್ಮಿಂಗ್ ಬರ್ಡ್.

ಎರಡನೆಯ ಪ್ರಶ್ನೆಗೆ ಹೋಗುವ ಮುಂಚೆ ಗಿಡದ ಕತೆಯನ್ನು ಹೇಳಲೇಬೇಕು. ಕತೆ ಗೊತ್ತಿಲ್ಲದೆ ಅದರ ಸಸ್ಯಶಾಸ್ತ್ರ ಅರ್ಧ ಮಾತ್ರ ತಿಳಿದಂತೆ.

ಮೆಕ್ಸಿಕೋದ ದಕ್ಷಿಣದ ತುದಿಯಲ್ಲಿ, ಗ್ವಾಟೆಮಾಲಾಕ್ಕೆ ತಾಗಿಕೊಂಡು ಚಿಯಾಪಾಸ್ ರಾಜ್ಯವಿದೆ. ಅಲ್ಲಿನ ಸಿಯೆರಾ ಮಾದ್ರೆ ಪರ್ವತಸಾಲಿನಲ್ಲಿ ಸೆರ್ರೋ ಮೊಸೊತಾಲ್ ಎಂಬ ಬೆಟ್ಟ. 1970ರ ದಶಕದ ಆರಂಭದಲ್ಲಿ ಆ ಬೆಟ್ಟದ ದಕ್ಷಿಣ ಮೈಯ ಕಡಿದಾದ ಕಣಿವೆಯೊಂದರಲ್ಲಿ ಡೆನಿಸ್ ಬ್ರೀಡ್‌ಲವ್ ಎಂಬ ಸಸ್ಯವಿಜ್ಞಾನಿ ಈ ಗಿಡವನ್ನು ಕಂಡರು. ಅವರು ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನವರು. ಚಿಯಾಪಾಸ್ ಅವರಿಗೆ ಎರಡನೆಯ ಮನೆಯಂತಿತ್ತು. ಅಲ್ಲಿನ ತ್ಸೆಲ್ತಾಲ್ ಮಾಯಾ ಜನ ಗಿಡಗಳನ್ನು ಹೇಗೆ ಹೆಸರಿಸಿ ವಿಂಗಡಿಸುತ್ತಾರೆ ಎಂಬುದನ್ನು ಮಾನವಶಾಸ್ತ್ರಜ್ಞ ಬ್ರೆಂಟ್ ಬರ್ಲಿನ್ ಮತ್ತು ಸಸ್ಯವಿಜ್ಞಾನಿ ಪೀಟರ್ ರೇವನ್ ಅವರ ಜೊತೆ ದಾಖಲಿಸಿದವರೂ ಇವರೇ. ಅಷ್ಟು ಕಾಡು ಅಲೆದವರ ಕಣ್ಣಿಗೂ ಈ ಗಿಡ ಆ ಕಣಿವೆ ಬಿಟ್ಟು ಬೇರೆಲ್ಲೂ ಬೀಳಲಿಲ್ಲ. 1981ರಲ್ಲಿ ಅವರು ಮತ್ತೆ ಹೋಗಿ ಬೀಜ ತಂದರು. ಆ ಬೀಜದಿಂದ ಎದ್ದ ಸಸಿಗಳು ಕ್ಯಾಲಿಫೋರ್ನಿಯಾದ ತೋಟಗಳನ್ನು ಸೇರಿದವು. 1986ರ ಹೊತ್ತಿಗೆ ಕಣಿವೆಯ ಕಾಡನ್ನು ಬೇಸಾಯಕ್ಕಾಗಿ ಕಡಿದಾಗಿತ್ತು. ಬ್ರೀಡ್‌ಲವ್ ಮತ್ತು ಡೇವಿಡ್ ಲಾರೆನ್ಸ್ ಸೇರಿ ಗಿಡಕ್ಕೆ ವೈಜ್ಞಾನಿಕ ಹೆಸರಿಟ್ಟು ಪ್ರಕಟಿಸಿದ್ದು 1987ರಲ್ಲಿ.

ಈ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ನಾಮಕರಣದ ಹೊತ್ತಿಗೆ ಮಗುವಿಗೆ ಮನೆಯೇ ಇರಲಿಲ್ಲ. ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಳೆಯ ಹರ್ಬೇರಿಯಂ ಹಾಳೆಗಳನ್ನು ತಿರುವಿ ಹಾಕುವ ಕೆಲಸದಲ್ಲಿ ವರ್ಷಗಳನ್ನು ಕಳೆದಿದ್ದೇನೆ, ಇಂಥ ಇಸವಿಗಳು ಎದುರಾದಾಗ ಈಗಲೂ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ 1981ರ ಬೀಜದ ಪೊಟ್ಟಣ ಇಲ್ಲದಿದ್ದರೆ ನೀವು ಆ ಚಿತ್ರ ನೋಡುತ್ತಿರಲಿಲ್ಲ, ನಮ್ಮ ಪಾಲಿಗೆ ಒಂದೆರಡು ಒಣಗಿದ ಮಾದರಿಗಳಷ್ಟೇ ಉಳಿದಿರುತ್ತಿದ್ದವು. ಒಣಗಿದ ಮಾದರಿಯಲ್ಲಿ ಆ ಹಳದಿ ಕಂದಾಗಿಬಿಡುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಡೆಪ್ಪಿಯಾ ಎಂಬ ಕುಲನಾಮ 19ನೇ ಶತಮಾನದಲ್ಲಿ ಮೆಕ್ಸಿಕೋದಲ್ಲಿ ಗಿಡ, ಪ್ರಾಣಿಗಳನ್ನು ಸಂಗ್ರಹಿಸಿದ ಜರ್ಮನ್ ಅಲೆಮಾರಿ ಫರ್ಡಿನಾಂಡ್ ಡೆಪ್ಪೆಯ ನೆನಪಿಗೆ ಇಟ್ಟದ್ದು. ಹಂಗೇರಿಯ ಸಸ್ಯವಿಜ್ಞಾನಿ ಅತ್ತಿಲಾ ಬೊರ್ಹಿದಿ ಈ ಗಿಡವನ್ನು ಆ ಕುಲದಿಂದ ಬೇರ್ಪಡಿಸಿ ಚಾಪೋಡಿಯಾ ಸ್ಪ್ಲೆಂಡೆನ್ಸ್ ಎಂದು ಕರೆದಿದ್ದಾರೆ. ಹಾಗಾಗಿ ಎರಡೂ ಹೆಸರು ಕಂಡರೆ ಗೊಂದಲ ಬೇಡ, ಗಿಡ ಒಂದೇ. ತೋಟಗಾರರ ಬಾಯಲ್ಲಿ ಹಳೆಯದೇ ಉಳಿದಿದೆ, ನಾನೂ ಅದನ್ನೇ ಬಳಸುತ್ತೇನೆ.

ಈಗ ಹೂವನ್ನೇ ಕೈಗೆತ್ತಿಕೊಳ್ಳೋಣ. ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಕಾಡಿನಲ್ಲಿ ಈ ಪೊದೆ 15ರಿಂದ 25 ಅಡಿಯವರೆಗೆ, ಅಂದರೆ ಸಣ್ಣ ಮರದಷ್ಟೇ ಎತ್ತರಕ್ಕೆ ಏರುತ್ತಿತ್ತು. ಎಲೆಗಳು ಅಗಲವಾಗಿವೆ, ಮೃದುವಾಗಿವೆ, ನರಗಳಲ್ಲಿ ನೇರಳೆಗೆಂಪಿನ ಛಾಯೆ. ಕೊಂಬೆಯ ತುದಿಯಿಂದ ತೆಳ್ಳನೆಯ ತೊಟ್ಟುಗಳು ಕೆಳಗಿಳಿದು ಕವಲೊಡೆಯುತ್ತವೆ, ಒಂದೊಂದು ಕವಲಿನ ತುದಿಗೂ ಒಂದು ಹೂ. ದಳಗಳು ನಾಲ್ಕು, ಬುಡದಲ್ಲಿ ಬೆಸೆದು ಸುಮಾರು ಎರಡು ಅಂಗುಲದ ಹೊನ್ನಿನ ಬಣ್ಣದ ಕೊಳವೆಯಾಗಿವೆ. ನೀವು ಟೋಪಿ ಎಂದದ್ದು ಪುಷ್ಪಪಾತ್ರೆಯನ್ನು. ಸಾಮಾನ್ಯ ಹೂಗಳಲ್ಲಿ ಅದು ಹಸಿರಾಗಿ, ಮೊಗ್ಗನ್ನು ಕಾದು ಸುಮ್ಮನಾಗುತ್ತದೆ. ಇಲ್ಲಿ ಅದು ಗಾಢ ಕೆಂಪು ಬಣ್ಣ ತಳೆದು, ಹಳದಿ ಕೊಳವೆ ಉದುರಿದ ಮೇಲೂ ಗೊಂಚಲಿನಲ್ಲೇ ಉಳಿಯುತ್ತದೆ. ಒಂದು ಹೂವಿನ ಕೆಲಸ ಮುಗಿದರೂ ಅದರ ಕೆಂಪು ಅಕ್ಕಪಕ್ಕದ ಹೊಸ ಹೂಗಳಿಗೆ ಬಾವುಟದಂತೆ ನಿಲ್ಲುತ್ತದೆ. ದೂರದ ಹಕ್ಕಿಗೆ ಗೊಂಚಲು ದೊಡ್ಡದಾಗಿ ಕಾಣಬೇಕು, ಹೊಸ ಹೂ ಕಟ್ಟುವ ಖರ್ಚು ಮಾತ್ರ ಬೀಳಬಾರದು ಎಂದರೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ?

ಹಕ್ಕಿಯೇ ಏಕೆ, ಜೇನ್ನೊಣ ಏಕಲ್ಲ? ಡೆಪ್ಪಿಯಾ ಕುಲದಲ್ಲಿ ಇಪ್ಪತ್ತೈದರ ಆಸುಪಾಸು ಪ್ರಭೇದಗಳಿವೆ. ಮೆಕ್ಸಿಕೋದಿಂದ ದಕ್ಷಿಣಕ್ಕೆ ಮಧ್ಯ ಅಮೆರಿಕದಲ್ಲಿ ಹರಡಿರುವ ಅವುಗಳಲ್ಲಿ ಹೆಚ್ಚಿನವುಗಳ ಹೂ ಪುಟ್ಟದು, ಹಳದಿ, ಅಗಲಕ್ಕೆ ಬಿಚ್ಚಿಕೊಂಡದ್ದು, ಕೀಟ ಬಂದು ಕೂರಲು ಅನುಕೂಲವಾದದ್ದು. ಅವುಗಳ ನಡುವೆ ನಮ್ಮ ಗಿಡದ ಹೂ ಉದ್ದ ಕೊಳವೆಯಾಗಿ ಚಾಚಿಕೊಂಡಿದೆ, ತಲೆಕೆಳಗಾಗಿ ನೇತಾಡುತ್ತಿದೆ. ಜೇನ್ನೊಣ ಕೂರಲು ಅದರಲ್ಲಿ ಜಾಗವೇ ಇಲ್ಲ. ಗಾಳಿಯಲ್ಲಿ ನಿಂತಲ್ಲೇ ನಿಂತು, ಕೊಕ್ಕನ್ನು ಕೆಳಗಿನಿಂದ ಮೇಲಕ್ಕೆ ಚುಚ್ಚಬಲ್ಲ ಜೀವಿಗೆ ಮಾತ್ರ ಅದು ಸಲೀಸು. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಅಲ್ಲಿನ ಹಮ್ಮಿಂಗ್ ಬರ್ಡ್‌ಗಳು ಈ ಹೂವನ್ನು ಯಾರೂ ತೋರಿಸದೆಯೇ ಪತ್ತೆಹಚ್ಚಿ ಬರುತ್ತವೆ.

ಮೋಡಗಾಡಿನಲ್ಲಿ ಹಕ್ಕಿಯನ್ನು ನಂಬುವುದು ಲೆಕ್ಕಾಚಾರದ ಮಾತೂ ಹೌದು. ಜೇನ್ನೊಣಕ್ಕೆ ಹಾರಲು ಬಿಸಿಲು ಬೇಕು, ಮೈ ಬೆಚ್ಚಗಿರಬೇಕು. ಮಂಜು ಕವಿದು, ಜಿನುಗು ಮಳೆ ಹಿಡಿದ ದಿನಗಳಲ್ಲಿ ಅದು ಗೂಡು ಬಿಡುವುದಿಲ್ಲ. ಹಮ್ಮಿಂಗ್ ಬರ್ಡ್ ಬಿಸಿರಕ್ತದ್ದು. ಅದರ ಹಸಿವು ಎಂಥದೆಂದರೆ ಮಳೆಯೆಂದು ಮನೆಯಲ್ಲಿ ಕೂತರೆ ಅದು ಬದುಕುವುದೇ ಇಲ್ಲ. 1972ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಕ್ರೂಡನ್ ಮೆಕ್ಸಿಕೋದ ಎತ್ತರದ ಬೆಟ್ಟಗಳಲ್ಲೇ ಅಧ್ಯಯನ ಮಾಡಿ ಇದನ್ನು ತೋರಿಸಿಕೊಟ್ಟರು: ಎತ್ತರದಲ್ಲಿ, ಮಳೆಗಾಲದಲ್ಲಿ, ಜೇನ್ನೊಣಗಳಿಗಿಂತ ಹಕ್ಕಿಗಳು ಹೆಚ್ಚು ನಂಬಿಗಸ್ಥ ಪರಾಗ ಸಾಗಣೆದಾರರು. ಹೂ ತಲೆಕೆಳಗಾಗಿರುವುದಕ್ಕೂ ಇಲ್ಲೇ ಅರ್ಥವಿದೆ. ಬಟ್ಟಲಿನಂತೆ ಮೇಲ್ಮುಖವಾಗಿದ್ದಿದ್ದರೆ ನೀರು ತುಂಬಿ ಮಕರಂದ ನೀರುನೀರಾಗುತ್ತಿತ್ತು, ಪರಾಗ ನೆನೆದು ಹಾಳಾಗುತ್ತಿತ್ತು. ಜೋತುಬಿದ್ದ ಹೂವಿಗೆ ತಾನೇ ಛತ್ರಿ.

ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಗಂಟು? ಹಕ್ಕಿಯ ಕೊಕ್ಕು ಗಟ್ಟಿ, ಚೂಪು. ದಿನಕ್ಕೆ ಹಲವು ಸಲ ಅದು ಕೊಳವೆಯ ಬುಡದವರೆಗೂ ಚುಚ್ಚುತ್ತದೆ. ಅಲ್ಲೇ ಎಳೆ ಬೀಜಗಳಿದ್ದರೆ ಗತಿ? ಕಾಫಿ ಕುಟುಂಬದಲ್ಲಿ ಅಂಡಾಶಯ ದಳಗಳ ಹಿಂದೆ ಸರಿದು ಬೇರೆ ಕೋಣೆಯಲ್ಲಿರುವುದರಿಂದ ಆ ಅಪಾಯವಿಲ್ಲ. ಅಂಡಾಶಯ ಹೀಗೆ ಹಿಂದೆ ಸರಿದಿರುವುದಕ್ಕೂ ಹಕ್ಕಿಗಳ ಕೊಕ್ಕಿಗೂ ಸಂಬಂಧ ಇದೆ ಎಂದು ಸಸ್ಯವಿಜ್ಞಾನಿ ವರ್ನ್ ಗ್ರಾಂಟ್ 1950ರಲ್ಲೇ ವಾದಿಸಿದ್ದರು. ಡೆಪ್ಪಿಯಾ ಈ ಕೋಣೆಯನ್ನು ಹಕ್ಕಿಗೋಸ್ಕರ ಹೊಸದಾಗಿ ಕಟ್ಟಿಕೊಂಡದ್ದಲ್ಲ, ಅದು ಮನೆತನದಿಂದ ಬಂದ ಆಸ್ತಿ. ಆದರೆ ಕೀಟದ ಹೂ ಹಕ್ಕಿಯ ಹೂವಾಗಿ ಬದಲಾಗುವಾಗ ಆ ಆಸ್ತಿ ಸರಿಯಾಗಿ ಕೈ ಹಿಡಿದಿರಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಒಂದೇ ಕಣಿವೆ ಏಕೆ ಎಂಬುದು.

ಮೋಡಗಾಡು ಎಂದರೆ ಬರೀ ಮಳೆ ಹೆಚ್ಚು ಬೀಳುವ ಕಾಡಲ್ಲ. ಕಡಲಿನಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗುತ್ತದೆ, ಒಂದು ನಿರ್ದಿಷ್ಟ ಎತ್ತರದಲ್ಲಿ ಮೋಡವಾಗುತ್ತದೆ. ಆ ಎತ್ತರಕ್ಕೆ ಸರಿಯಾಗಿ ನಿಂತ ಕಾಡು ಮೋಡದೊಳಗೇ ಮುಳುಗಿರುತ್ತದೆ. ಎಲೆ, ಪಾಚಿ, ಮರದ ಮೇಲೆ ಬೆಳೆದ ಜರಿಗಿಡ, ಆರ್ಕಿಡ್‌ಗಳು ಆ ಮಂಜನ್ನು ಬಾಚಿ ಹನಿಯಾಗಿಸಿ ನೆಲಕ್ಕಿಳಿಸುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿ ಬೇರಿಗೆ ಸಿಗುವುದು ಈ ನೀರೇ. ಕೆಳಗೆ ಇಳಿದರೆ ಸೆಕೆ, ಮೇಲೆ ಹತ್ತಿದರೆ ಹಿಮಗಾಳಿ. ನಡುವೆ ಒಂದು ತೆಳುವಾದ ಪಟ್ಟಿ. ಆ ಪಟ್ಟಿಯೂ ಒಂದೇ ಸಮನಾಗಿ ಇರುವುದಿಲ್ಲ, ಪ್ರತಿ ಬೆಟ್ಟಕ್ಕೂ ಬೇರೆ ಬೇರೆ. ಅಂದರೆ ಒಂದೊಂದು ಮೋಡಗಾಡೂ ಒಂದು ದ್ವೀಪ, ಸುತ್ತ ಸಮುದ್ರದ ಬದಲು ಸೆಕೆ ಇದೆ ಅಷ್ಟೆ. ಮೆಕ್ಸಿಕೋದ ನೆಲದಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಇಂಥ ಕಾಡು. ಆ ದೇಶದ ಸಸ್ಯ ಪ್ರಭೇದಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಇರುವುದು ಅದರೊಳಗೆ.

ದ್ವೀಪದಿಂದ ದ್ವೀಪಕ್ಕೆ ದಾಟಲು ವಾಹನ ಬೇಕು. ಇಲ್ಲಿ ಡೆಪ್ಪಿಯಾವನ್ನು ಅದರದೇ ಹತ್ತಿರದ ನೆಂಟ ಹಮೇಲಿಯಾದ ಜೊತೆ ಹೋಲಿಸಿ ನೋಡಿ. ಕೆಂಪು ಕೊಳವೆ ಹೂವಿನ ಆ ಹಮೇಲಿಯಾ ಪೊದೆಯನ್ನು ನೀವು ಉದ್ಯಾನಗಳ ಬೇಲಿಯಲ್ಲಿ ಕಂಡಿರಬಹುದು. ಅದರ ಕಾಯಿ ರಸಭರಿತ, ಹಕ್ಕಿಗಳು ತಿಂದು ದೂರದೂರಕ್ಕೆ ಬೀಜ ಉದುರಿಸುತ್ತವೆ. ಹಾಗಾಗಿ ಅದು ಅಮೆರಿಕದ ಫ್ಲಾರಿಡಾದಿಂದ ಅರ್ಜೆಂಟೀನಾದವರೆಗೆ ಹಬ್ಬಿದೆ. ಡೆಪ್ಪಿಯಾದ್ದು ಒಣ ಸಂಪುಟ, ಒಳಗೆ ಪುಡಿಯಂಥ ಸಣ್ಣ ಬೀಜಗಳು. ತಿನ್ನಲು ಅದರಲ್ಲಿ ಏನೂ ಇಲ್ಲ, ಹಕ್ಕಿ ಮೂಸಿಯೂ ನೋಡುವುದಿಲ್ಲ. ಒಡೆದ ಸಂಪುಟದಿಂದ ಬೀಜ ಉದುರಿ, ಗಾಳಿಯೋ ನೀರೋ ಒಯ್ದಷ್ಟು ದೂರ ಮಾತ್ರ ಹೋಗಬೇಕು. ಕಡಿದಾದ ಕಣಿವೆಯ ತಳದಲ್ಲಿ ಹುಟ್ಟಿದ ಬೀಜಕ್ಕೆ ಎದುರಿನ ಗುಡ್ಡದ ನೆತ್ತಿಯೇ ಲೋಕದ ಅಂಚು. ಪರಾಗವನ್ನು ಹಕ್ಕಿಯ ಕೊಕ್ಕಿಗೆ ಕೊಟ್ಟ ಗಿಡ ಬೀಜವನ್ನು ಮಾತ್ರ ಅದೃಷ್ಟಕ್ಕೆ ಬಿಟ್ಟಿತು. ಹಿಮಯುಗಗಳಲ್ಲಿ ಹವೆ ತಂಪಾದಾಗ ಮೋಡದ ಪಟ್ಟಿ ಕೆಳಗಿಳಿದು ಬೆಟ್ಟದಿಂದ ಬೆಟ್ಟಕ್ಕೆ ಕೂಡಿಕೊಳ್ಳುತ್ತಿತ್ತು, ಹವೆ ಬೆಚ್ಚಗಾದಾಗ ಮೇಲೇರಿ ಚೂರುಚೂರಾಗುತ್ತಿತ್ತು. ಹಾಗೆ ಚೂರಾದಾಗ ಎಷ್ಟೋ ಗಿಡಗಳು ಒಂದೊಂದು ಬೆಟ್ಟದಲ್ಲಿ ಒಂಟಿಯಾಗಿ ಸಿಕ್ಕಿಕೊಂಡವು. ಮೋಡಗಾಡುಗಳಲ್ಲಿ ಒಂದೇ ಬೆಟ್ಟದ, ಒಂದೇ ಕಣಿವೆಯ ಗಿಡಗಳು ಇಷ್ಟೊಂದು ಇರುವುದಕ್ಕೆ ಇದು ಮುಖ್ಯ ಕಾರಣ. ಅಂಥ ಗಿಡಕ್ಕೆ ಒಂದು ಹೊಲದಷ್ಟು ಕಾಡು ಹೋದರೆ ಸಾಕು, ಪ್ರಪಂಚವೇ ಹೋದಂತೆ. ಅದನ್ನು ಕಡಿದವರು ಕೆಡುಕರೆಂದು ನಾನು ಹೇಳಲಾರೆ. ಬೆಟ್ಟದ ಬಡ ರೈತನಿಗೆ ಅದು ಮೆಕ್ಕೆಜೋಳ ಬಿತ್ತುವ ನೆಲ, ಅಲ್ಲಿದ್ದದ್ದು ಜಗತ್ತಿನಲ್ಲಿ ಅದೊಂದೇ ಎಂದು ಅವನಿಗೆ ಯಾರೂ ತಿಳಿಸಿರಲಿಕ್ಕಿಲ್ಲ.

ಮೂರನೆಯದು, ಮರಳಿ ನೆಡುವ ಮಾತು. ಬಹಳ ಜನ ಇದನ್ನೇ ಕೇಳುತ್ತಾರೆ, ಕೇಳುವುದು ಸಹಜವೂ ಹೌದು. ಅಡ್ಡಿ ಗಿಡದಲ್ಲಿಲ್ಲ. ಎಳೆ ಕಡ್ಡಿ ಕತ್ತರಿಸಿ ತೇವದಲ್ಲಿಟ್ಟರೆ ಬೇರು ಬಿಡುತ್ತದೆ, ಸಸಿ ಎಷ್ಟು ಬೇಕಾದರೂ ಮಾಡಬಹುದು. ಅಡ್ಡಿ ಇರುವುದು ಬೇರೆ ಕಡೆ.

ಕಡ್ಡಿಯಿಂದ ಮಾಡಿದ ನೂರು ಗಿಡ, ಆನುವಂಶಿಕ ಲೆಕ್ಕದಲ್ಲಿ, ಒಂದೇ ಗಿಡ. ತೋಟಗಳಲ್ಲಿ ಇರುವುದೆಲ್ಲ ಒಂದೇ ಜಾಗದಿಂದ ತಂದ ಬೀಜದ ಸಂತತಿ. ಕಾಡಿನಲ್ಲಿದ್ದ ವೈವಿಧ್ಯದ ಒಂದು ಚಿಟಿಕೆ ಮಾತ್ರ ಅದರಲ್ಲಿದೆ. ಹೊಸ ರೋಗ ಬಂದರೆ, ಒಂದು ವರ್ಷ ಮಂಜು ಕೈಕೊಟ್ಟರೆ, ತಾಳಿಕೊಳ್ಳುವ ಒಬ್ಬರಾದರೂ ಗುಂಪಿನಲ್ಲಿ ಇರಬೇಕಲ್ಲ? ಅದಕ್ಕೂ ಮೇಲೆ, ನಲವತ್ತು ವರ್ಷ ತೋಟದಲ್ಲಿ ಬದುಕಿದ ಗಿಡವನ್ನು ತೋಟವೇ ಆರಿಸುತ್ತಾ ಬಂದಿದೆ. ಕುಂಡದ ಮಣ್ಣನ್ನು ಸಹಿಸಿದ್ದು, ಕಡ್ಡಿಯಿಂದ ಬೇಗ ಬೇರು ಬಿಟ್ಟದ್ದು, ಹೆಚ್ಚು ಹೂ ಕೊಟ್ಟದ್ದು ಮುಂದುವರಿಯಿತು. ಕಣಿವೆ ಆರಿಸುತ್ತಿದ್ದ ಗುಣಗಳೇ ಬೇರೆ.

ಜಾಗದ ಮಾತು ಇನ್ನೂ ಕಠಿಣ. ಮರ ಕಡಿದ ಇಳಿಜಾರಿನಲ್ಲಿ ಮಂಜು ಬಂದರೂ ಅದನ್ನು ಬಾಚಿ ಕೆಳಗಿಳಿಸುವ ಎಲೆ, ಪಾಚಿಗಳಿಲ್ಲ. ಸ್ಪಂಜಿನಂತಿದ್ದ ಮೇಲ್ಮಣ್ಣು ಬಿಸಿಲಿಗೆ ಒಣಗಿ ಮಳೆಗೆ ಕೊಚ್ಚಿಹೋಗುತ್ತದೆ, ಬೇರಿನ ಜೊತೆಗಾರ ಶಿಲೀಂಧ್ರಗಳೂ ಹೋಗುತ್ತವೆ. ಕೋಸ್ಟರಿಕಾದ ಮೋಂಟೆವೆರ್ಡೆಯ ಸುತ್ತ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಆತಂಕವನ್ನೂ ತೋರಿಸಿತು. ಬೆಟ್ಟದ ಬುಡದ ಬಯಲಿನಲ್ಲಿ ಕಾಡು ಕಡಿದರೂ ಗಾಳಿಯ ತೇವ ಕಡಿಮೆಯಾಗಿ ಮೋಡ ಕಟ್ಟುವ ಎತ್ತರವೇ ಮೇಲಕ್ಕೆ ಸರಿಯುತ್ತದೆ. ಅಂದರೆ ಬೆಟ್ಟವನ್ನು ಮುಟ್ಟದೆಯೂ ಅದರ ಮೋಡವನ್ನು ಕಿತ್ತುಕೊಳ್ಳಬಹುದು.

ಹಿಂದಿನ ಅನುಭವವೂ ಉಂಟು. ಪೆಸಿಫಿಕ್ ಸಾಗರದ ರಾಪಾ ನೂಯಿ (ಈಸ್ಟರ್) ದ್ವೀಪದ ತೊರೊಮಿರೊ ಮರದ ಕೊನೆಯ ಒಂಟಿ ಜೀವ 1960ರ ಸುಮಾರಿಗೆ ಹೋಯಿತು. ಅದಕ್ಕೆ ಕೆಲವೇ ವರ್ಷ ಮುಂಚೆ ನಾರ್ವೆಯ ಅನ್ವೇಷಕ ಥಾರ್ ಹೆಯರ್‌ಡಾಲ್ ತಂಡ ತಂದ ಬೀಜದಿಂದ ಅದು ತೋಟಗಳಲ್ಲಿ ಉಳಿದಿದೆ. ಊರಿಗೆ ಮರಳಿಸುವ ಯತ್ನ ಮತ್ತೆ ಮತ್ತೆ ನಡೆದಿದೆ, ಸಸಿಗಳು ಮತ್ತೆ ಮತ್ತೆ ಸತ್ತಿವೆ. ಮರವಿತ್ತು, ಆದರೆ ಅದು ಬೇರೂರಿದ್ದ ಮಣ್ಣು, ನೆರಳು, ಅಲ್ಲಿನ ಸೂಕ್ಷ್ಮಜೀವಿಗಳು ಮೊದಲಿನಂತೆ ಇರಲಿಲ್ಲ.

ಕಾಣದೆ ಹೋದವುಗಳ ಲೆಕ್ಕವೂ ಒಂದಿದೆ. ಹಮೇಲಿಯಾ ಹೂವಿನೊಳಗೆ ಬರಿಗಣ್ಣಿಗೆ ಅಷ್ಟಾಗಿ ಕಾಣದ ನುಸಿಗಳು ಸಂಸಾರ ಹೂಡಿರುತ್ತವೆ. ಹಮ್ಮಿಂಗ್ ಬರ್ಡ್ ಕೊಕ್ಕು ತೂರಿಸಿದ ಕ್ಷಣದಲ್ಲಿ ಕೊಕ್ಕಿನ ಮೇಲೆ ಓಡಿ ಅದರ ಮೂಗಿನ ಹೊಳ್ಳೆ ಸೇರಿ, ಮುಂದಿನ ಹೂವಿನ ವಾಸನೆ ಬಂದಾಗ ಇಳಿದುಬಿಡುತ್ತವೆ. ಒಂದು ಹೂ ಎಂದರೆ ಇಂಥ ಎಷ್ಟೋ ಬದುಕುಗಳ ನಿಲ್ದಾಣ. ಬೀಜದ ಪೊಟ್ಟಣದಲ್ಲಿ ಅವು ಬರುವುದಿಲ್ಲ.

ಹಾಗಾದರೆ ಪ್ರಯತ್ನವೇ ಬೇಡವೆ ಎಂದರೆ, ಬೇಕು, ಆದರೆ ಕ್ರಮ ತಿರುವುಮುರುವಾಗಬಾರದು. ಮೊದಲು ಆ ಎತ್ತರದಲ್ಲಿ ಓಕ್ ಮುಂತಾದ ದೊಡ್ಡ ಮರಗಳು ಎದ್ದು ನೆರಳು ಕಟ್ಟಬೇಕು, ಪಾಚಿ ಬರಬೇಕು, ಮಣ್ಣು ಕಪ್ಪಾಗಬೇಕು. ಅದು ಒಂದು ತಲೆಮಾರಿನ ಕೆಲಸ, ಅಲ್ಲಿನ ರೈತರನ್ನು ಜೊತೆಗಿಟ್ಟುಕೊಂಡೇ ಆಗಬೇಕಾದ ಕೆಲಸ. ಅದೇ ಸಿಯೆರಾ ಮಾದ್ರೆ ಸಾಲಿನಲ್ಲಿ 1990ರಿಂದ ಎಲ್ ತ್ರಿಯುನ್ಫೋ ಜೀವಗೋಳ ಮೀಸಲು ಪ್ರದೇಶವಿದೆ, ಮೋಡಗಾಡು ಅಲ್ಲಿ ಇನ್ನೂ ಜೀವಂತವಾಗಿದೆ. ಅಂಥ ಕಾಡಿನ ಅಂಚಿನಲ್ಲಿ ಪ್ರಯತ್ನಿಸುವುದು ಬೋಳು ಕಣಿವೆಯಲ್ಲಿ ನೆಡುವುದಕ್ಕಿಂತ ವಿವೇಕದ್ದು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಗಿಡವನ್ನು ಕಾಯುತ್ತಿರುವುದು ತೋಟಗಳು. ಸ್ಯಾನ್ ಫ್ರಾನ್ಸಿಸ್ಕೊದ ಸಸ್ಯೋದ್ಯಾನದಲ್ಲಿ ಅದು ಚೆನ್ನಾಗಿ ನಿಂತಿರುವುದು ಆಕಸ್ಮಿಕವಲ್ಲ. ಅಲ್ಲಿ ತಣ್ಣನೆಯ ಕಡಲ ಪ್ರವಾಹದ ಮೇಲಿಂದ ಬರುವ ಗಾಳಿ ಬೇಸಗೆಯಲ್ಲೂ ಮಂಜು ಹೊದಿಸುತ್ತದೆ. ಅತಿ ಸೆಕೆಯೂ ಇಲ್ಲ, ಕೊರೆಯುವ ಹಿಮವೂ ಅಪರೂಪ. ಸದಾ ತೇವದ ಗಾಳಿಯಲ್ಲಿ ಹುಟ್ಟಿದ ಅಗಲ, ಮೃದು ಎಲೆಗೆ ಒಣ ಗಾಳಿ ತಾಗಿದರೆ ಬೇರು ಒದಗಿಸುವುದಕ್ಕಿಂತ ಬೇಗ ನೀರು ಸೋರಿಹೋಗಿ ಅಂಚು ಸುಟ್ಟಂತಾಗುತ್ತದೆ. ಬಿಸಿ ರಾತ್ರಿ ಅದಕ್ಕೆ ಬಿಸಿ ಹಗಲಿಗಿಂತಲೂ ಕೆಟ್ಟದ್ದು. ಹಗಲು ಕೂಡಿಸಿದ ಸಕ್ಕರೆಯನ್ನು ರಾತ್ರಿಯ ಉಸಿರಾಟದಲ್ಲೇ ಉರಿಸಿಕೊಂಡು ಗಿಡ ದಿನದಿನಕ್ಕೆ ಸೊರಗುತ್ತದೆ.

ನಿಮಗೆ ಎಂದಾದರೂ ಈ ಗಿಡ ಸಿಕ್ಕಿದರೆ ತಂಪು, ಚೆದುರಿದ ಬೆಳಕು, ನೀರು ನಿಲ್ಲದ ಆದರೆ ಒಣಗದ ಎಲೆಗೊಬ್ಬರದ ಮಣ್ಣು, ಇಷ್ಟನ್ನು ಹೊಂದಿಸಿ. ಜೊತೆಗೆ ಬಂದ ಚೀಟಿಯನ್ನು ಎಸೆಯಬೇಡಿ. ಯಾವ ತೋಟದಿಂದ ಬಂತು, ಬೀಜದಿಂದಲೋ ಕಡ್ಡಿಯಿಂದಲೋ ಎಂಬುದು ಅದರಲ್ಲಿರುತ್ತದೆ. ಎರಡು ಗಿಡಗಳನ್ನು ಪರಾಗಸ್ಪರ್ಶಕ್ಕೆ ಕೂಡಿಸಬೇಕಾದಾಗ, ಅವು ಒಂದೇ ಗಿಡದ ತುಂಡುಗಳೋ ಬೇರೆ ಬೇರೆ ಬೀಜದವೋ ಎಂದು ತಿಳಿಯಲು ಕಾಯುವವರ ಕೈಲಿ ಸುಲಭಕ್ಕೆ ಸಿಗುವುದು ಆ ಚೀಟಿಯೊಂದೇ.